ಅರವತ್ತಕ್ಕೆ ನಡುಗುವ ಸ್ಟೀರಿಂಗು

ನಮ್ಮ ಮನೆಯ ಬಿಳಿ ಕಾರಿಗೆ ಹತ್ತೊಂಬತ್ತು ವರ್ಷ. ಬಾಗಿಲನ್ನು ಸ್ವಲ್ಪ ಎತ್ತಿ ಹಾಕಬೇಕು, ಹಿಂದಿನ ಕಿಟಕಿಯ ಗಾಜು ಇಳಿಯುವಾಗ ಅಂಗೈಯಿಂದ ಒತ್ತಿ ಧೈರ್ಯ ತುಂಬಬೇಕು, ಹಾರ್ನ್ ಮಾತ್ರ ಮನಸ್ಸು ಬಂದಾಗ ತಾನಾಗಿಯೇ ಕೂಗಿಕೊಳ್ಳುತ್ತದೆ. ಇವೆಲ್ಲ ನನ್ನ ಮೊಣಕಾಲು ನೋವಿನಂತೆ ವಯೋಧರ್ಮವೆಂದು ಸಹಿಸಿಕೊಂಡಿದ್ದೆ. ಆದರೆ ಕಳೆದ ದಸರಾ ಮುಗಿದ ಮೇಲೆ ಅದಕ್ಕೊಂದು ಹೊಸ ಕಾಯಿಲೆ ಅಂಟಿಕೊಂಡಿತು. ವೇಗ ಅರವತ್ತು ಮುಟ್ಟಿದೊಡನೆ ಸ್ಟೀರಿಂಗ್ ಚಕ್ರ ಗಡಗಡ ನಡುಗುವುದು. ಐವತ್ತಕ್ಕಿಳಿಸಿದರೆ ಏನೂ ಅರಿಯದ ಕೂಸಿನಂತೆ ಸುಮ್ಮನಾಗುವುದು.

ಬೆಂಗಳೂರಿನಲ್ಲಿ ಅರವತ್ತು ಎಲ್ಲಿ ಸಿಕ್ಕಿತು ನಿಮಗೆ ಎಂದು ನೀವು ಕೇಳಬಹುದು, ನ್ಯಾಯವಾದ ಪ್ರಶ್ನೆ. ನಾವಿರುವ ಹೊಸ ತಿಪ್ಪಸಂದ್ರದ ಮಾರುಕಟ್ಟೆ ರಸ್ತೆಯಲ್ಲಿ ಕಾರು ಹೂವಿನ ಗಾಡಿಯ ಹಿಂದೆ, ಹೂವಿನ ಗಾಡಿಯಷ್ಟೇ ವಿನಯದಿಂದ ಸಾಗುತ್ತದೆ. ನನಗೆ ಅರವತ್ತು ದಕ್ಕಿದ್ದು ಒಂದು ಭಾನುವಾರ ಬೆಳಿಗ್ಗೆ, ಕೆ.ಆರ್. ಪುರ ದಾಟಿ ಹೊಸಕೋಟೆ ಕಡೆಗೆ ಹೊರಟಾಗ. ಹಿಂದಿನ ಗುರುವಾರವಷ್ಟೇ ನನ್ನ ಹೆಂಡತಿ ಗಿರಿಜಾ ಕೆ.ಆರ್. ಪುರದ ಅಕ್ಕನ ಮನೆಗೆ ಹೋಗಿ ಬಂದು, "ಒಂದು ಗುಂಡಿಗೆ ಬಿತ್ತು ರೀ, ಪಾಪ ಕಾರು" ಎಂದು ತಾನಾಗಿಯೇ ಹೇಳಿದ್ದಳು. ಅಷ್ಟು ಸಾಕಾಯಿತು. ಸಾಕ್ಷಿ, ವಿಚಾರಣೆ, ತೀರ್ಪು ಮೂರನ್ನೂ ನಾನು ಹೊಸಕೋಟೆ ತಲುಪುವುದರೊಳಗೆ ಮುಗಿಸಿದೆ.

ಇಲ್ಲಿ ಒಂದು ಮಾತು ಹೇಳಲೇಬೇಕು. ಗಿರಿಜಾ ಕಾರು ಕಲಿತದ್ದು ಐವತ್ತೆರಡನೆಯ ವಯಸ್ಸಿನಲ್ಲಿ, ಇದೇ ಕಾರಿನಲ್ಲಿ. ನಾನು ಪಕ್ಕದಲ್ಲಿ ಕೂತು ಕೂಗಾಡುತ್ತಿದ್ದರೂ ಕಲಿತಳು. ಪ್ರತಿ ಗುರುವಾರ ತಾನೇ ಓಡಿಸಿಕೊಂಡು ಅಕ್ಕನ ಮನೆಗೆ ಹೋಗುವುದು ಅವಳ ಪಾಲಿನ ಸಾಮ್ರಾಜ್ಯ. ನಾನು "ನಿನ್ನ ಗುಂಡಿ, ನಿನ್ನ ಗುಂಡಿ" ಎಂದು ಮೂರು ದಿನ ಜಪ ಮಾಡಿದ ಮೇಲೆ ಅವಳು ಕೀಲಿಯನ್ನು ನನ್ನ ತಟ್ಟೆಯ ಪಕ್ಕ ಇಟ್ಟು, "ನಿಮ್ಮ ಕಾರು, ನೀವೇ ಇಟ್ಕೊಳ್ಳಿ" ಎಂದಳು. ಮುಂದಿನ ಗುರುವಾರದಿಂದ ಎರಡು ಬಸ್ಸು ಬದಲಿಸಿ ಹೋಗತೊಡಗಿದಳು. ಕೈಚೀಲ ಹಿಡಿದು ಅವಳು ಬಸ್ ನಿಲ್ದಾಣದತ್ತ ನಡೆಯುವುದನ್ನು ಬಾಲ್ಕನಿಯಿಂದ ನೋಡುವಾಗ ನನಗೆ ಸಂಕಟವಾಗುತ್ತಿತ್ತು. ಆದರೆ ತೀರ್ಪು ಹಿಂತೆಗೆದುಕೊಳ್ಳುವಷ್ಟು ಸಂಕಟವಾಗುತ್ತಿರಲಿಲ್ಲ.

ಅದರ ಬದಲು ನಾನು ರೋಗನಿದಾನಕ್ಕೆ ತೊಡಗಿದೆ. ಪಕ್ಕದ ಮನೆಯ ಗೋಪಾಲಪ್ಪನವರು ವಿಮಾನ ಕಾರ್ಖಾನೆಯಿಂದ ನಿವೃತ್ತರಾದವರು. ನಿಂತ ಕಾರಿನ ಬಾನೆಟ್ಟಿಗೆ ಕಿವಿಯಿಟ್ಟು ಕಣ್ಣು ಮುಚ್ಚಿ ಬಹಳ ಹೊತ್ತು ಆಲಿಸಿ, "ಇದು ಮೇಲೆ ಹಾರೋ ವಸ್ತು ಆಗಿದ್ರೆ ಹೇಳ್ಬಿಡ್ತಿದ್ದೆ" ಎಂದರು. ಮೇಲಿನ ಕೋಣೆಯ ಬಾಡಿಗೆದಾರ, ರಾಯಚೂರು ಕಡೆಯ ಶರಣಪ್ಪ, "ಇದಕ್ಕ ನೆದರ ಬಿದ್ದದರೀ ಸರ, ಒಂದು ನಿಂಬಿಹಣ್ಣು ಇಳಸ್ರಿ" ಎಂದ. ಇಳಿಸಿದೆ. ಅದಾದ ಮೇಲೆ ಅರವತ್ತೈದಕ್ಕೂ ನಡುಗಿತು.

ಕೊನೆಗೆ ಶಿವಾಜಿನಗರದ ನಜೀರ್ ಭಾಯ್ ಬಳಿ ಒಯ್ದೆ. ಅವರು ಮೂವತ್ತು ವರ್ಷದಿಂದ ಹಳೆಯ ಕಾರುಗಳ ನಾಡಿ ಹಿಡಿದವರು. ತೊಂದರೆಯೆಂದರೆ ಶಿವಾಜಿನಗರದಲ್ಲಿ ಅರವತ್ತಿರಲಿ, ಆರು ಕೂಡ ದುರ್ಲಭ. ಗಲ್ಲಿಯೊಳಗೆ ಕುರಿಮಂದೆಯ ಹಿಂದೆ ಒಂದು ಸುತ್ತು ಹೊಡೆದು ಬಂದು, "ಮಕ್ಖನ್ ಸಾರ್, ಬೆಣ್ಣೆ ಥರಾ ಇದೆ" ಎಂದು ಕೈ ಒರೆಸಿಕೊಂಡರು. ವೈದ್ಯರ ಮುಂದೆ ಕೂತೊಡನೆ ಜ್ವರ ಬಿಡುವ ರೋಗಿಯ ಹಾಗೆ ಕಾರು ನನ್ನ ಮಾನ ಕಳೆಯಿತು. ಹೀಗೆ ಅಲೆದಾಡುವುದರಲ್ಲೇ ಎರಡು ತಿಂಗಳು ಕಳೆದು ಅವರೆಕಾಯಿ ಕಾಲ ಬಂತು.

ಕಡೆಗೊಂದು ಭಾನುವಾರ ಬೆಳಿಗ್ಗೆ ನಜೀರ್ ಭಾಯ್ ಅವರನ್ನೇ ಸ್ಟೀರಿಂಗ್ ಮುಂದೆ ಕೂರಿಸಿ, ಕೆ.ಆರ್. ಪುರದ ಆಚೆಗೆ ಕರೆದೊಯ್ದೆ. ಅರವತ್ತಾಯಿತು, ನಡುಕ ಬಂತು, ನನಗೆ ಪರಮಾನಂದವಾಯಿತು.

"ಬ್ರೇಕ್ ಒತ್ತಿದ್ರೂ ಜಾಸ್ತಿ ಆಗಲ್ಲ, ಅಂದ್ರೆ ಬ್ರೇಕ್ ಅಲ್ಲ. ಗಾಡಿ ಒಂದ್ಕಡೆ ಎಳಿಯಲ್ಲ, ಅಲೈನ್‌ಮೆಂಟೂ ಅಲ್ಲ" ಎಂದು ಗೊಣಗುತ್ತಾ ಅವರು ರಸ್ತೆಯಂಚಿಗೆ ನಿಲ್ಲಿಸಿ, ಮುಂದಿನ ಎಡಚಕ್ರದ ಮುಂದೆ ಕುಕ್ಕರಗಾಲಲ್ಲಿ ಕೂತರು. ರಿಮ್ಮಿನ ಅಂಚಿನಲ್ಲಿ ಬೆರಳಾಡಿಸಿದರು. ಬಲಚಕ್ರಕ್ಕೂ ಹೋಗಿ ಹಾಗೆಯೇ ಮಾಡಿದರು.

"ಇಲ್ಲಿ ಸೀಸದ ತುಂಡು ಇರ್ಬೇಕು ಸಾರ್. ಚಕ್ರ ತಿರುಗುವಾಗ ಒಂದ್ಕಡೆ ಭಾರ ಆಗ್ಬಾರ್ದು ಅಂತ ಹಾಕೋದು. ಯಾರೋ ಕಿತ್ತಿದ್ದಾರೆ."

"ನಮ್ಮ ಮನೆಯವಳು ಗುಂಡಿಗೆ ಬೀಳಿಸಿದಾಗ ಹೋಗಿರಬೇಕು" ಎಂದೆ ತಕ್ಷಣ.

"ಸ್ಕ್ರೂಡ್ರೈವರ್ ಗೀಚಿರೋ ಗುರುತು ನೋಡಿ. ಗುಂಡೀಲಿ ಸ್ಕ್ರೂಡ್ರೈವರ್ ಇರತ್ತಾ ಸಾರ್?"

ಮಿತ್ರರೇ, ಆ ಕ್ಷಣದಲ್ಲಿ ನನಗೆ ಆಯುಧಪೂಜೆಯ ಬೆಳಗು ನೆನಪಾಯಿತು. ನಮ್ಮದು ರಾಗಿ ಬೆಳೆಯುತ್ತಿದ್ದ ಮನೆತನ. ಅಜ್ಜ ಆ ದಿನ ನೇಗಿಲನ್ನು ಹುಣಸೆಹಣ್ಣು ಹಾಕಿ ಉಜ್ಜುತ್ತಿದ್ದರಂತೆ. ಹೊಲವೆಲ್ಲ ಮನೆಗಳಾಗಿ, ನೇಗಿಲು ಎಲ್ಲಿ ಹೋಯಿತೋ ತಿಳಿಯದಾಗಿ, ಆ ಶ್ರದ್ಧೆಯೆಲ್ಲ ನನ್ನಲ್ಲಿ ಕಾರಿನ ಮೇಲೆ ಇಳಿದಿದೆ. ಚಕ್ರಗಳಿಗೆ ವಿಭೂತಿಯ ಮೂರು ಪಟ್ಟೆ ಎಳೆಯುವ ಮುಂಚೆ ರಿಮ್ಮುಗಳನ್ನು ತೊಳೆದಾಗ, ಅಂಚಿನಲ್ಲಿ ಬೂದುಬಣ್ಣದ ಕೊಳಕು ಚೂರುಗಳು ಕಚ್ಚಿಕೊಂಡಿದ್ದವು. ಎದುರು ಮನೆ ಕಟ್ಟುವವರ ಸಿಮೆಂಟು ಸಿಡಿದಿರಬೇಕೆಂದು ಬಗೆದು, ಅವರನ್ನು ಬೈದುಕೊಳ್ಳುತ್ತಲೇ ಸ್ಕ್ರೂಡ್ರೈವರಿನಿಂದ ಒಂದೊಂದಾಗಿ ಮೀಟಿ ಮೋರಿಗೆ ಎಸೆದಿದ್ದೆ. ಹಿಂದಿನ ಚಕ್ರಗಳು ಉಳಿದುಕೊಂಡದ್ದು ನನ್ನ ಮೊಣಕಾಲು ನೋವಿನ ಪುಣ್ಯದಿಂದ.

ನಜೀರ್ ಭಾಯ್ ನನ್ನ ಮುಖ ನೋಡಿ ಎಲ್ಲವನ್ನೂ ಓದಿಕೊಂಡರು. ಅಂಗಡಿಗೆ ಮರಳಿ ಹೊಸ ಸೀಸ ಕೂರಿಸುವಾಗ ಮೆಲ್ಲನೆ, "ಮೇಡಂಗೆ ಗುಂಡಿ ಅಂತಾನೇ ಹೇಳ್ಲಾ?" ಎಂದು ಕೇಳಿದರು. ನಾನು ದುಡ್ಡು ಎಣಿಸಿ ಕೊಟ್ಟು ಕಾರು ಹತ್ತಿದೆ. ಹಲಸೂರು, ಇಂದಿರಾನಗರಗಳ ಸಿಗ್ನಲ್ಲುಗಳಲ್ಲಿ ನಿಂತು ನಿಂತು ಒಂದೊಂದು ಕೆಂಪು ದೀಪಕ್ಕೂ ಒಂದೊಂದು ಸುಳ್ಳನ್ನು ಹೊಸೆದೆ. ಎಲ್ಲವೂ ನಂಬುವಂತೆಯೇ ಇದ್ದವು. ಮನುಷ್ಯ ತನ್ನ ತಪ್ಪನ್ನು ಇನ್ನೊಬ್ಬರ ಹೆಗಲಿಗೆ ದಾಟಿಸುವುದು ಕೆಟ್ಟತನದಿಂದಲ್ಲ, ಬಹುಮಟ್ಟಿಗೆ ಸೋಮಾರಿತನದಿಂದ ಎಂದು ನನಗೆ ತೋರಿತು. ಹತ್ತಿರದಲ್ಲೇ ಒಂದು ಹೆಗಲು ಸಿಕ್ಕಿಬಿಡುತ್ತದೆ.

ಮನೆಗೆ ಬಂದಾಗ ಗಿರಿಜಾ ಪೇಪರು ಹಾಸಿಕೊಂಡು ಅವರೆಕಾಯಿ ಬಿಡಿಸುತ್ತಿದ್ದಳು. "ಸರಿಹೋಯ್ತಾ? ಏನಾಗಿತ್ತಂತೆ?" ಎಂದಳು, ತಲೆಯೆತ್ತದೆ. ಆ ತಲೆಯೆತ್ತದಿರುವಿಕೆಯಲ್ಲಿ ಎರಡು ತಿಂಗಳ ಗುರುವಾರಗಳಿದ್ದವು. ಹೊಸೆದ ಸುಳ್ಳುಗಳಲ್ಲಿ ಒಂದೂ ಬಾಯಿಗೆ ಬರಲಿಲ್ಲ. ಇದ್ದದ್ದು ಇದ್ದಂತೆ ಹೇಳಿಬಿಟ್ಟೆ.

ಅವಳು ಒಂದು ಕಾಯಿ ಬಿಡಿಸಿದಳು. ಇನ್ನೊಂದು ಬಿಡಿಸಿದಳು. "ನನ್ನ ಗುಂಡಿ ವಿಷಯ ಯಾರ್ಯಾರಿಗೆ ಹೇಳಿದ್ರಿ?"

ನೆನಪಿಸಿಕೊಂಡೆ. ನಿಜ ಆಗಲೇ ತಿಳಿದಿದ್ದ ನಜೀರ್ ಭಾಯ್ ಬಿಟ್ಟರೆ, ಗೋಪಾಲಪ್ಪ, ಶರಣಪ್ಪ, ಅವಳ ಅಕ್ಕ, ಅಕ್ಕನ ಗಂಡ, ರಿಚರ್ಡ್ಸ್ ಟೌನಿನ ಮದುವೆಯೊಂದರ ಪಂಕ್ತಿಯಲ್ಲಿ ಎಡಬಲಕ್ಕೆ ಕೂತಿದ್ದವರು.

"ಪಂಕ್ತೀಲಿದ್ದೋರ್ನ ಬಿಡ್ತೀನಿ. ಉಳಿದೋರಿಗೆ ಈಗ ಹೇಳಿ. ಇಲ್ಲೇ, ನನ್ನ ಮುಂದೆ."

ಹೇಳಿದೆ. ಗೋಪಾಲಪ್ಪನವರು ಫೋನಿನಲ್ಲಿ, "ನಂಗೆ ಅವತ್ತೇ ಡೌಟಿತ್ತು" ಎಂದರು. ಶರಣಪ್ಪ ಮೆಟ್ಟಿಲ ಮೇಲೆ ನಿಂತು ಕೇಳಿಸಿಕೊಂಡು, "ನಿಂಬಿಹಣ್ಣು ನಿಮಗ ಇಳಸಬೇಕಿತ್ತರೀ ಸರ" ಎಂದ. ಅಕ್ಕ ಮಾತ್ರ ನಗುತ್ತಲೇ ಇದ್ದು, ಫೋನನ್ನು ಗಂಡನಿಗೆ ಕೊಟ್ಟರು, ಅವರೂ ನಕ್ಕರು. ನನಗೆ ನಾಚಿಕೆಯಾಯಿತು, ಆದರೆ ಎದೆ ಹಗುರವಾಯಿತು.

ಗುರುವಾರ ಬೆಳಿಗ್ಗೆ ಗಿರಿಜಾ ಕೀಲಿ ತೆಗೆದುಕೊಂಡಳು. "ಬರೋದಾದ್ರೆ ಬನ್ನಿ" ಎಂದಳು. ಎಡಗಡೆ ಕೂತೆ. ಕೆ.ಆರ್. ಪುರದಲ್ಲಿ ಅಕ್ಕನ ಮನೆಯ ತಿರುವು ಬಂತು. ಅವಳು ತಿರುಗಲಿಲ್ಲ, ನೇರ ಹೊಸಕೋಟೆ ರಸ್ತೆಗೆ ಹೋದಳು. ಐವತ್ತು, ಐವತ್ತೈದು, ಅರವತ್ತು. ಸ್ಟೀರಿಂಗ್ ಅಲುಗಲಿಲ್ಲ. ಅಷ್ಟರಲ್ಲಿ ಒಂದು ಗುಂಡಿ ಬಂತು, ಕಾರು ಧಡ್ಡೆಂದಿತು, ನನ್ನ ಬಲಗಾಲು ಇಲ್ಲದ ಬ್ರೇಕನ್ನು ತುಳಿಯಿತು, ಬಾಯಿ ತೆರೆಯಿತು.

"ಏನಾದ್ರೂ ಹೇಳ್ಬೇಕಿತ್ತಾ?" ಎಂದಳು, ರಸ್ತೆಯಿಂದ ಕಣ್ಣು ತೆಗೆಯದೆ.

"ಇಲ್ಲ."

"ಒಳ್ಳೇದು" ಎಂದು ಎಪ್ಪತ್ತಕ್ಕೆ ಏರಿಸಿದಳು.