ಲಾಗೌಟ್ ಒತ್ತದ ಸ್ಟೋರ್ಸಿನ ಅಮ್ಮ

ಹೆಬ್ಬಾಳದ ಕಾರ್ಖಾನೆಯೊಂದರಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ ಕೆಲಸಕ್ಕೆ ನಾನು ಸೇರಿದ್ದು ತೊಂಬತ್ತರ ದಶಕದ ನಡುವಿನಲ್ಲಿ. ಆಗ ಈಗಿನಂತೆ ಮೇಜಿಗೊಂದು ಕಂಪ್ಯೂಟರ್ ಇರಲಿಲ್ಲ. ಇಡೀ ಕಾರ್ಖಾನೆಗೆ ಒಂದೇ ಯಂತ್ರ, ಅದೂ ಎಸಿ ಕೋಣೆಯಲ್ಲಿ. ಅಲ್ಲಿಂದ ತಂತಿ ಎಳೆದು ವಿಭಾಗಕ್ಕೊಂದು ಟರ್ಮಿನಲ್ ಕೊಟ್ಟಿದ್ದರು, ಅಂದರೆ ಹಸಿರು ಅಕ್ಷರ ಮೂಡುವ ಒಂದು ಪರದೆ, ಒಂದು ಕೀಬೋರ್ಡು. ಎಸಿ ಕೋಣೆಗೆ ಚಪ್ಪಲಿ ಬಿಟ್ಟೇ ಬರಬೇಕು. ಜನರಲ್ ಮ್ಯಾನೇಜರ್ ಕೂಡ ಬೂಟು ಕಳಚಿ ಕಾಲುಚೀಲದಲ್ಲಿ ನಿಂತು ಮಾತಾಡುತ್ತಿದ್ದರು. ಅದನ್ನು ನೋಡಿ ನನಗೆ ಭಾರೀ ಜಂಬ.

ಯಾರು ಯಾವಾಗ ಒಳಗೆ ಬಂದರು, ಯಾವಾಗ ಹೊರಗೆ ಹೋದರು ಎಂಬುದನ್ನು ಆ ಯಂತ್ರ ತಾನೇ ಬರೆದಿಟ್ಟುಕೊಳ್ಳುತ್ತಿತ್ತು. ಕೂತವರು ತಮ್ಮ ಹೆಸರು, ಪಾಸ್‌ವರ್ಡ್ ಒತ್ತಿದರೆ ಲಾಗಿನ್. ಏಳುವಾಗ ಲಾಗೌಟ್ ಎಂದು ಒತ್ತಿದರೆ ಅವರ ಲೆಕ್ಕ ಅಲ್ಲಿಗೆ ಮುಗಿಯಿತು. ಒತ್ತದೆ ಎದ್ದು ಹೋದವರನ್ನು ನಾನು ಕ್ಯಾಂಟೀನಿನಲ್ಲಿ ನಾಲ್ಕು ಜನರೆದುರೇ ತರಾಟೆಗೆ ತೆಗೆದುಕೊಳ್ಳುತ್ತಿದ್ದೆ. ಕೋಪ ಮೂಗಿನ ತುದಿಯಲ್ಲೇ ಇದ್ದ ವಯಸ್ಸು. ನನ್ನ ಬಾಯಿಗೆ ಹೆದರಿ ಎಲ್ಲರೂ ದಾರಿಗೆ ಬಂದರು, ಸ್ಟೋರ್ಸಿನ ಹಿರಿಯ ಗುಮಾಸ್ತೆಯೊಬ್ಬರು ಮಾತ್ರ ಬರಲಿಲ್ಲ.

ಅವರನ್ನು ಇಡೀ ಕಾರ್ಖಾನೆ ಅಮ್ಮ ಅಂತಲೇ ಕರೆಯುತ್ತಿತ್ತು. ಬೆಳಿಗ್ಗೆ ಬಂದವರು ತಮ್ಮ ಹಣೆಯ ವಿಭೂತಿ ಸಾಲದೆಂಬಂತೆ ಟರ್ಮಿನಲ್ಲಿನ ನೆತ್ತಿಗೂ ಮೂರು ಬೆರಳು ವಿಭೂತಿ ಎಳೆದು ಕೆಲಸ ಶುರುಮಾಡುವರು. ಸಂಜೆ ಪರದೆಯ ಸ್ವಿಚ್ ಆರಿಸಿ, ಮೇಲೊಂದು ಬಟ್ಟೆ ಹೊದಿಸಿ ಬಸ್ಸು ಹತ್ತುವರು. ಪರದೆ ಆರಿದರೆ ಯಂತ್ರಕ್ಕೇನು? ಅದರ ಲೆಕ್ಕದಲ್ಲಿ ಅಮ್ಮ ಒಳಗೇ ಇದ್ದರು. ನಾನು ರೇಗಿದಾಗ ಅವರು ಒಂದಿಷ್ಟೂ ಬೇಸರಿಸಿಕೊಳ್ಳದೆ ನನಗೇ ಬುದ್ಧಿ ಹೇಳಿದರು.

"ಎದ್ದು ಹೊರಡೋವಾಗ ಯಾರಾದ್ರೂ ಹೋಗ್ತೀನಿ ಅಂತಾರೇನಮ್ಮ? ಬರ್ತೀನಿ ಅನ್ಬೇಕು. ಇದ್ರಲ್ಲಿ ಬರ್ತೀನಿ ಅನ್ನೋಕೆ ಏನು ಒತ್ಬೇಕು ಹೇಳ್ಬುಡು, ದಿನಾ ಒತ್ತೀನಿ."

ಅಂಥದ್ದೊಂದು ವ್ಯವಸ್ಥೆಯನ್ನು ಯಂತ್ರ ಮಾಡಿದವರು ಇಟ್ಟಿರಲಿಲ್ಲ. ನಾನು ತಲೆ ಚಚ್ಚಿಕೊಂಡು ವಾಪಸ್ಸು ಬಂದೆ.

ಅದೇ ಟರ್ಮಿನಲ್ ಮುಂದೆ ಊಟದ ಮೇಲೆ ಕೂರುತ್ತಿದ್ದವಳು ಅಶೋಕಪುರಂನಿಂದ ಬರುತ್ತಿದ್ದ ಒಬ್ಬ ಹುಡುಗಿ. ಟೆಂಪರರಿಯಾಗಿ ಸೇರಿದ್ದಳು. ಖಾಯಂ ಆಗುವ ಹೊತ್ತು ಹತ್ತಿರ ಬಂದಿತ್ತು. ಇಬ್ಬರು ತಂಗಿಯರ ಓದು ಇವಳ ಸಂಬಳದ ಮೇಲೆ ನಿಂತಿತ್ತು. ಬೆಳಿಗ್ಗೆ ಬಂದ ಮಾಲನ್ನು ಅಮ್ಮ ಕಂಪ್ಯೂಟರಿನ ಲೆಕ್ಕಕ್ಕೆ ಹತ್ತಿಸಿದರೆ ಮಧ್ಯಾಹ್ನದ ಮಾಲೆಲ್ಲ ಅವಳದು. ಅಮ್ಮ ತೆರೆದಿಟ್ಟೇ ಎದ್ದಿರುತ್ತಿದ್ದರಲ್ಲ, ಇವಳು ಸುಮ್ಮನೆ ಕೂತು ಮುಂದುವರಿಸುತ್ತಿದ್ದಳು.

ಹೀಗಿರುವಾಗ ಹೆಡ್ ಆಫೀಸಿನಿಂದ ಸಿಬ್ಬಂದಿಯ ಹಾಜರಿ, ನೇಮಕಾತಿ ನೋಡಿಕೊಳ್ಳುವ ಹೊಸ ಪರ್ಸನೆಲ್ ಆಫೀಸರ್ ಬಂದರು. ಯಂತ್ರದ ಮೇಲೆ ಅವರಿಗೆ ನನಗಿಂತ ಹೆಚ್ಚು ಭಕ್ತಿ. ಲಾಗಿನ್ ಲಾಗೌಟ್‌ಗಳ ಪ್ರಿಂಟ್ ಕೇಳಿದರು. ನಾನು ಹೆಮ್ಮೆಯಿಂದಲೇ ತೆಗೆದುಕೊಟ್ಟೆ. ಎರಡು ದಿನ ಬಿಟ್ಟು ನನ್ನನ್ನು ಕರೆಸಿ, ಸ್ಟೋರ್ಸಿನ ಅಮ್ಮನಂಥ ಕೆಲಸಗಾರರನ್ನು ತಾವು ಎಲ್ಲೂ ಕಂಡಿಲ್ಲವೆಂದರು. ಭಾನುವಾರವೂ ದುಡಿದಿದ್ದಾರೆ, ಆಯುಧ ಪೂಜೆಯ ದಿನವೂ ಬಿಟ್ಟಿಲ್ಲ, ವಾರ್ಷಿಕೋತ್ಸವದಲ್ಲಿ ಅವರಿಗೆ ಶಾಲು ಹೊದಿಸಬೇಕು ಎಂದರು. ನನಗೆ ನಗು ತಡೆಯಲಾಗಲಿಲ್ಲ. ಅಷ್ಟರಲ್ಲಿ ಕಾಫಿ ಕುಡಿಯುತ್ತಲೇ ಇನ್ನೊಂದು ಮಾತು ಹೇಳಿದರು. ಆ ಹುಡುಗಿ ಹಾಜರಿಗೆ ಸಹಿ ಹಾಕಿ ಸುಮ್ಮನೆ ಕೂತು ಎದ್ದು ಹೋಗಿದ್ದಾಳೆ, ಒಂದು ಸಲವೂ ಲಾಗಿನ್ ಇಲ್ಲ, ತಿಂಗಳ ಕೊನೆಗೆ ಕೆಲಸದಿಂದ ಬಿಡಿಸಿಬಿಡೋಣ.

ನನ್ನ ನಗು ಅಲ್ಲೇ ಇಂಗಿತು. ನಡೆದದ್ದನ್ನು ಬಿಡಿಸಿ ಹೇಳಿದೆ. ಹುಡುಗಿಯ ಪರ ವಹಿಸಿ ಕಥೆ ಕಟ್ಟುತ್ತಿದ್ದೇನೆ ಎಂದುಕೊಂಡರು, ಯಂತ್ರ ಸುಳ್ಳು ಹೇಳುತ್ತದೆಯೇ ಎಂದು ಕೇಳಿದರು. ಅದೇ ಮಾತನ್ನು ನಾನು ಕ್ಯಾಂಟೀನಿನಲ್ಲಿ ಎಷ್ಟು ಜನರಿಗೆ ಹೇಳಿದ್ದೆನೋ! ಅವತ್ತು ಅದು ನನಗೇ ಕಹಿಯಾಯಿತು.

ಸ್ಟೋರ್ಸಿಗೆ ಹೋದರೆ ಶಾಲಿನ ಸುದ್ದಿ ಆಗಲೇ ಬಂದಿತ್ತು. ಅಮ್ಮ ಬೀಗರ ಮನೆಗೂ ಫೋನಿನಲ್ಲಿ ತಿಳಿಸಿಯಾಗಿತ್ತು. ಆದರೂ ಎಲ್ಲ ಹೇಳಿದೆ. ಹುಡುಗಿ ಕೀಬೋರ್ಡಿನಿಂದ ಕೈ ತೆಗೆದು ಮಡಿಲಲ್ಲಿಟ್ಟುಕೊಂಡಳು. ಅಮ್ಮ ಸೆರಗು ಸಿಕ್ಕಿಸಿಕೊಂಡು ಎದ್ದವರೇ ಆಫೀಸರ ಕೋಣೆಗೆ ನಡೆದರು. ನಾನು ಹಿಂದೆ ಓಡಿದೆ.

"ಸ್ವಾಮಿ, ಭಾನುವಾರ ನಾನು ಮನೇಲಿ ರಾಗಿ ಹಸನು ಮಾಡ್ತಿದ್ದೆ ಕಣ್ರೀ. ಮಧ್ಯಾಹ್ನದ ಕೆಲ್ಸ ಪೂರ್ತಿ ಆ ಮಗೂದು. ನನ್ನ ಲೆಕ್ಕದಲ್ಲಿ ಅಷ್ಟೊಂದು ಬಿದ್ದದಲ್ಲ, ಅರ್ಧ ಅವಳ ಹೆಸ್ರಿಗೆ ಬರ್ಕೊಂಬುಡಿ. ಶಾಲು ಇನ್ಯಾರಿಗಾದ್ರೂ ಹೊದ್ಸಿ."

ಹಾಗೆ ಒಬ್ಬರ ಹೊತ್ತನ್ನು ಇನ್ನೊಬ್ಬರಿಗೆ ವರ್ಗ ಮಾಡಲು ಬರುತ್ತದೆಯೇ ಎಂದು ಆಫೀಸರು ನನ್ನ ಮುಖ ನೋಡಿದರು. ಬರುವುದಿಲ್ಲ ಎಂದೆ. ಅವರಿಗೂ ನಗು ಬಂತು. ಆದರೆ ನಂಬಿಕೆ ಪೂರಾ ಬಂದಿರಲಿಲ್ಲ. ಹುಡುಗಿ ಕೆಲಸ ಮಾಡುವುದನ್ನು ಕಣ್ಣಾರೆ ನೋಡುತ್ತೇನೆಂದು ನಮ್ಮ ಜೊತೆ ಸ್ಟೋರ್ಸಿಗೇ ಬಂದರು. ಅವಳು ತನ್ನ ಹೆಸರಿನಲ್ಲಿ ಒಳಗೆ ಹೋಗಬೇಕಾದರೆ ಮೊದಲು ಅಮ್ಮ ಹೊರಗೆ ಬರಬೇಕಿತ್ತು. ಅಮ್ಮ ತಕರಾರು ಮಾಡಲಿಲ್ಲ. ನಾನು ಹೇಳಿದ ಅಕ್ಷರಗಳನ್ನು ಒಂದೊಂದಾಗಿ ಹುಡುಕಿ ಒತ್ತಿ, ಕುರ್ಚಿ ಬಿಟ್ಟು ಎದ್ದರು.

ಪರದೆ ಖಾಲಿಯಾಗಿ ಹೆಸರು ಕೇಳುತ್ತ ನಿಂತಿತು. ಹುಡುಗಿ ಕೂತಳು. ಕೈ ಮುಂದೆ ಹೋಗಲಿಲ್ಲ. ನಿನ್ನ ಹೆಸರು ಒತ್ತು ಎಂದೆ. ಅವಳು ತಿರುಗಿ ನನ್ನನ್ನೇ ನೋಡಿದಳು.

"ನನ್ನ ಹೆಸ್ರೂ ಇದ್ರಲ್ಲಿ ಇದ್ಯಾ ಮೇಡಂ?"

ಅವಳು ಸೇರಿದ ದಿನವೇ ನಾನು ಅದನ್ನು ಹಾಕಿಟ್ಟಿದ್ದೆ. ಖಾಯಂ ಆದವರ ಹೆಸರಷ್ಟೇ ಒಳಗಿರುತ್ತದೆ ಎಂದು ಅವಳು ಅಂದುಕೊಂಡಿದ್ದಳಂತೆ. ನನ್ನ ಕಣ್ಣು ತುಂಬಿ ಬಂತು. ಆಫೀಸರು ಅವಳು ಒಂದಕ್ಷರ ಒತ್ತುವವರೆಗೂ ಕಾಯಲಿಲ್ಲ. ಅವಳ ಫೈಲು ತರಿಸಿ, ಖಾಯಂ ಮಾಡುವ ಆದೇಶಕ್ಕೆ ಸ್ಟೋರ್ಸಿನ ಮೇಜಿನ ಮೇಲೆಯೇ ಸಹಿ ಹಾಕಿದರು.