ಹಸಿರು ರಿಬ್ಬನ್ನಿನ ಮಂಗಳವಾರ

ಶಾಲೆಯ ಯಾವ ಫೋಟೋ ತೆಗೆದು ನೋಡಿದರೂ ಕೊರಿನ್ ಪ್ರೂಯಿಟ್ ಕಡೆಯ ಸಾಲಿನಲ್ಲೇ ಇದ್ದಾಳೆ. ಎತ್ತರದ ಹುಡುಗಿ. ಡಲ್ಲಾಸಿನ ಆ ದೊಡ್ಡ ಶಾಲೆಯಲ್ಲಿ ಟೀಚರುಗಳು ಹೆಸರು ಕೂಡ ಕೇಳದೆ "ಉದ್ದದವಳು ಹಿಂದೆ ಹೋಗು" ಅನ್ನುತ್ತಿದ್ದರು. ಫೋಟೋಕ್ಕೆಂದೇ ಅಮ್ಮ ಕೊಡಿಸಿದ ಹೊಸ ಫ್ರಾಕುಗಳಲ್ಲಿ ಒಂದಾದರೂ ಯಾವ ಫೋಟೋದಲ್ಲೂ ಬಿದ್ದಿಲ್ಲ. ತಲೆಗಳ ಮೇಲೊಂದು ಮುಖ, ಅಷ್ಟೇ.

ಈಗ ಅವಳು ಡಲ್ಲಾಸಿನ ಪಕ್ಕದ ಗಾರ್ಲೆಂಡಿನಲ್ಲಿ ಹಲ್ಲಿನ ಡಾಕ್ಟರರ ಕ್ಲಿನಿಕ್ಕಿನಲ್ಲಿ ಫೋನು ಎತ್ತುವ ಕೆಲಸ ಮಾಡುತ್ತಾಳೆ. ಗಂಡ ಡ್ವೇನ್ ಏಸಿ ರಿಪೇರಿಯವನು. ಒಬ್ಬಳೇ ಮಗಳು ಲೇನಿ, ಒಂಬತ್ತು ವರ್ಷ. ಚಿಂತೆ ಮಾಡುವುದು ಕೊರಿನ್‌ಳ ಹುಟ್ಟುಗುಣ. ಮಗು ಕೆಮ್ಮಿದರೆ ನ್ಯುಮೋನಿಯಾ, ಕೆಮ್ಮದಿದ್ದರೆ ಒಳಗೇ ಇಟ್ಟುಕೊಂಡಿದ್ದಾಳೋ ಏನೋ.

ಆದರೆ ಈ ಸಲದ ಚಿಂತೆಗೆ ಕಾರಣವಿತ್ತು. ಲೇನಿ ಐದನೇ ವಯಸ್ಸಿನಿಂದ ನೇರಳೆ ಜಿಮ್ಮಿನ ಚಿಯರ್ ತಂಡದಲ್ಲಿದ್ದಾಳೆ, ಹಾಡಿಗೆ ಕುಣಿಯುತ್ತ ಎಲ್ಲರೂ ಸೇರಿ ಒಬ್ಬಳನ್ನು ಮೇಲೆತ್ತಿ ನಿಲ್ಲಿಸುವ ಆಟ. ಜಿಮ್ಮಿಗೆ ಬೇರೆ ಹೆಸರಿದೆ, ಯಾರೂ ಹೇಳುವುದಿಲ್ಲ. ಊರಿನವರಿಗೆ ಇದು ನೇರಳೆ, ಹೆದ್ದಾರಿಯಾಚೆಯದು ಹಸಿರು. ನಾಲ್ಕು ವರ್ಷವೂ ತಂಡದವರು ಭುಜದ ಮೇಲೆತ್ತಿ ನಿಲ್ಲಿಸುತ್ತಿದ್ದ ಹುಡುಗಿ ಲೇನಿಯೇ. ಕಳೆದ ಬೇಸಿಗೆಯಲ್ಲಿ ಅವಳು ಸರಸರನೆ ಬೆಳೆದುಬಿಟ್ಟಳು, ಅಮ್ಮನ ಹಾಗೆ. ರಜೆ ಮುಗಿಸಿ ಬಂದರೆ ಕೋಚ್ ಡೆಬ್ ಅವಳನ್ನು ಕೆಳಗೆ ನಿಲ್ಲಿಸಿ, ಗುಬ್ಬಚ್ಚಿಯಂಥ ಮಾರಿಸೋಲ್‌ಳನ್ನು ಮೇಲಕ್ಕೆ ಹತ್ತಿಸಿದ್ದರು. ಅಂದಿನಿಂದ ಗಾಜಿನ ಗೋಡೆಯ ಈಚೆ ಕೂತು ನೋಡುವಾಗಲೆಲ್ಲ ಕೊರಿನ್‌ಳ ಕಣ್ಣು ಮೇಲಿನ ಹುಡುಗಿಯ ಮೇಲೆಯೇ.

ಜನವರಿಯಲ್ಲಿ, ಸ್ಪರ್ಧೆಗಳು ಅರ್ಧ ಮುಗಿದಿರುವಾಗ, ಹಸಿರು ಜಿಮ್ಮಿನಿಂದ ಫೋನು ಬಂತು. ಅವರ ಮೇಲಿನ ಹುಡುಗಿ ಮಣಿಕಟ್ಟು ಮುರಿದುಕೊಂಡಿದ್ದಾಳೆ. ಅಲ್ಲಿಯ ಹುಡುಗಿಯರು ದೊಡ್ಡವರು, ಲೇನಿ ಅವರಿಗೆ ಹೂವಿನಷ್ಟು ಹಗುರ. ಮಂಗಳವಾರ ಬಂದು ನೋಡಿ, ಬುಧವಾರ ಮಧ್ಯಾಹ್ನದೊಳಗೆ ಹೇಳಿ. ಶನಿವಾರ ಫೋರ್ಟ್‌ವರ್ತಿನಲ್ಲಿ ಸ್ಪರ್ಧೆ.

"ನಡುದಾರೀಲಿ ಬಸ್ಸು ಇಳಿಯೋದಾ?" ಅಂದ ಡ್ವೇನ್, ಬಟ್ಟಲಿನ ಮಾಂಸದ ಚಿಲ್ಲಿ ಸಾರಿಗೆ ಚೀಸು ಉದುರಿಸುತ್ತ.

"ಸರಿಯಾದ ಬಸ್ಸು ಎದುರಿಗೆ ಬಂದ್ರೆ ಇಳೀಬಾರದಾ?"

ಊಟಕ್ಕೆ ಬಂದಿದ್ದ ಅತ್ತೆ ವರ್ನಾ, ಲೇನಿಯ ಬಾಯಲ್ಲಿ ‘ಮೀಮಾ’ ಅಜ್ಜಿ, ಚಮಚ ಕೆಳಗಿಟ್ಟರು. "ಸೀಸನ್ ಮಧ್ಯೆ ಹೋದವರನ್ನ ಈ ಊರು ಮರೆಯಲ್ಲ ಕಣಮ್ಮ. ಆ ಕ್ಲಾರ್ಕ್ ಮನೆಯವರು ಚರ್ಚು ಬದಲಾಯಿಸಿದ್ದಕ್ಕಿಂತ ಜಿಮ್ಮು ಬದಲಾಯಿಸಿದ್ದನ್ನೇ ಜನ ಜಾಸ್ತಿ ಆಡ್ಕೊಂಡ್ರು."

"ನಾಲ್ಕು ವರ್ಷ ಮೇಲಿದ್ದ ಮಗೂನ ಒಂದು ಮಾತೂ ಹೇಳದೆ ಕೆಳಗಿಟ್ರಲ್ಲ, ಅದನ್ನ ಯಾರು ಆಡ್ಕೋತಾರೆ ಅತ್ತೆ?"

"ಲೇನಿ, ನೀನೇನಂತೀಯೆ?" ಅಂದ ಡ್ವೇನ್.

"ಅಮ್ಮ ಹೇಳಿದ ಹಾಗೆ," ಅಂದಳು ಲೇನಿ, ಮೆಕ್ಕೆಜೋಳದ ಬ್ರೆಡ್ಡಿನ ಅಂಚು ಮುರಿಯುತ್ತ. ಅವಳು ಯಾವಾಗಲೂ ಹಾಗೇ ಅನ್ನುತ್ತಾಳೆ. ಕೊರಿನ್‌ಗೆ ಅದು ಒಪ್ಪಿಗೆಯೆಂದೇ ಕೇಳಿಸಿತು.

ಮಂಗಳವಾರ ಕೊರಿನ್ ಕೋಚ್ ಡೆಬ್‌ಗೆ ಲೇನಿಗೆ ಹೊಟ್ಟೆನೋವು ಎಂದು ಮೆಸೇಜು ಕಳಿಸಿ, ಹೆದ್ದಾರಿ ದಾಟಿದಳು.

ಹಸಿರು ಜಿಮ್ಮು ದೊಡ್ಡದು, ದೀಪಗಳು ಕಣ್ಣು ಕೋರೈಸುತ್ತಿದ್ದವು. ಅವರು ಹೋದಾಗ ತಂಡ ಆಟವನ್ನು ಮೊದಲಿನಿಂದ ಕಡೆಯವರೆಗೆ ಆಡುತ್ತಿತ್ತು, ಮೇಲಿನವಳಿಲ್ಲದೆಯೇ. ಹಾಡು ಮೇಲೆತ್ತುವ ಜಾಗಕ್ಕೆ ಬಂದಾಗ ಕೆಳಗಿನ ಹುಡುಗಿಯರು ಬಗ್ಗಿ, ಇಲ್ಲದ ಪಾದಗಳನ್ನು ಹಿಡಿದು, ಬರೀ ಗಾಳಿಯನ್ನು ಎತ್ತಿದರು. ಎಲ್ಲರ ಮುಖವೂ ಮೇಲಕ್ಕೆ, ಯಾರೂ ಇಲ್ಲದ ಕಡೆಗೆ. ಆಟ ಒಂದು ಕ್ಷಣವೂ ನಿಲ್ಲಲಿಲ್ಲ. ಆ ಖಾಲಿ ಜಾಗ ನನ್ನ ಮಗಳ ಅಳತೆಗೇ ಹೊಲಿದ ಹಾಗಿದೆ ಅಂದುಕೊಂಡಳು ಕೊರಿನ್.

ಅರ್ಧ ಗಂಟೆಯಲ್ಲಿ ಲೇನಿ ಆ ಗಾಳಿಯ ಜಾಗದಲ್ಲಿ ನಿಂತಿದ್ದಳು, ಒಂದೇ ಕಾಲಿನ ಮೇಲೆ. ಎಷ್ಟೋ ತಿಂಗಳಿಂದ ಕಾಣದಿದ್ದ ನಗು ಮುಖದ ತುಂಬ. ಕೊರಿನ್‌ಳ ಕಣ್ಣು ಮಂಜಾಯಿತು. ಅಲ್ಲಿಯ ಕೋಚು ಮಗುವಿನ ಜುಟ್ಟಿಗೆ ಅಂಗೈಯಗಲದ ಹಸಿರು ರಿಬ್ಬನ್ನು ಕಟ್ಟಿ, "ನಾಳೆ ಮಧ್ಯಾಹ್ನ, ಮರೀಬೇಡಿ" ಅಂದರು. ಗೋಡೆ ಪಕ್ಕ ಕೈಗೆ ಪಟ್ಟಿ ಕಟ್ಟಿಕೊಂಡು ಕೂತಿದ್ದ ಹುಡುಗಿಯೊಬ್ಬಳು ಚಪ್ಪಾಳೆ ತಟ್ಟಲಾಗದೆ ತೊಡೆ ತಟ್ಟಿದಳು.

ಕಾರಿನಲ್ಲಿ ಲೇನಿ ಗಡಿಯಾರ ನೋಡಿದಳು.

"ಅಮ್ಮ, ಅಲ್ಲಿ ಇನ್ನೂ ಮುಗಿದಿರಲ್ಲ."

"ಎಲ್ಲಿ?"

"ನಮ್ಮ ಜಿಮ್ಮಲ್ಲಿ. ಕೊನೇ ಸ್ವಲ್ಪ ಸಿಗುತ್ತೆ."

"ಹೊಟ್ಟೆನೋವು ಅಂತ ಹೇಳಿದೀವಲ್ಲೇ."

"ವಾಸಿಯಾಯ್ತು ಅಂತ ಹೇಳಣ."

ಬೇಡವೆನ್ನಲು ಕೊರಿನ್‌ಗೆ ಬಾಯಿ ಬರಲಿಲ್ಲ. ಹೇಗೂ ಕಡೆಯ ಸಲವಿರಬಹುದು, ಹೋಗಲಿ. ನೇರಳೆ ಜಿಮ್ಮಿನ ಬಾಗಿಲು ತಳ್ಳಿ ಒಳಗೆ ಕಾಲಿಟ್ಟರೆ, ಗಾಜಿನ ಗೋಡೆಯ ಮುಂದೆ ಕೂತಿದ್ದ ತಾಯಂದಿರ ಸಾಲು ಒಟ್ಟಿಗೆ ತಿರುಗಿತು. ತಿರುಗಿದ್ದು ತಿರುಗಿದ ಹಾಗೇ ಉಳಿಯಿತು. ಅವರ ನೋಟ ತನ್ನ ಮೇಲಲ್ಲ, ಮಗಳ ತಲೆಯ ಮೇಲಿದೆ ಎಂದು ಕೊರಿನ್‌ಗೆ ಹೊಳೆದಾಗ ತಡವಾಗಿತ್ತು.

ಹಸಿರು ರಿಬ್ಬನ್ನು ಇನ್ನೂ ಅಲ್ಲೇ ಇತ್ತು.

"ಹೊಟ್ಟೆನೋವಿಗೆ ಈಗ ತಲೆಗೆ ಔಷಧಿ ಕಟ್ತಾರಾ?" ಅಂದಳು ಮಾರಿಸೋಲ್‌ಳ ತಾಯಿ ಯೆಸೇನಿಯಾ. ಯಾರೋ ಕಾಫಿ ಲೋಟದೊಳಗೆ ನಕ್ಕರು. ನೆಲ ಬಾಯಿಬಿಟ್ಟಿದ್ದರೆ ಕೊರಿನ್ ಇಳಿದುಹೋಗುತ್ತಿದ್ದಳು.

ಲೇನಿ ಜುಟ್ಟು ಮುಟ್ಟಿ ನೋಡಿಕೊಂಡಳು. ಕಿವಿಯವರೆಗೆ ಕೆಂಪಾದಳು. ಆಮೇಲೆ ರಿಬ್ಬನ್ನು ಬಿಚ್ಚಿ ಅಮ್ಮನ ಕೈಯಲ್ಲಿಟ್ಟು, ಬೂಟಿನ ಲೇಸು ಬಿಗಿದಳು.

ಕೊರಿನ್ ಯಾರ ಮುಖವನ್ನೂ ನೋಡಲಾರದೆ ಗಾಜಿನಾಚೆ ನೋಡಿದಳು. ಇಲ್ಲಿಯೂ ಹಾಡು ನಡೆಯುತ್ತಿತ್ತು. ಆದರೆ ಮಾರಿಸೋಲ್ ಮ್ಯಾಟಿನ ಅಂಚಿನಲ್ಲಿ ಕೂತು ಕಾಲುಚೀಲದ ದಾರ ಎಳೆಯುತ್ತಿದ್ದಳು. ಅವಳನ್ನು ಎತ್ತಬೇಕಾದವರು ಸೊಂಟದ ಮೇಲೆ ಕೈಯಿಟ್ಟು ಸುಮ್ಮನೆ ನಿಂತಿದ್ದರು. ಹಾಡು ಆ ಜಾಗಕ್ಕೆ ಬಂತು, ದಾಟಿಹೋಯಿತು. ಯಾರೂ ಮೇಲೇಳಲಿಲ್ಲ.

"ಸಂಜೆಯಿಡೀ ಹಿಂಗೇ," ಅಂದಳು ಯೆಸೇನಿಯಾ, ಈಗ ತಮಾಷೆಯಿಲ್ಲದ ದನಿಯಲ್ಲಿ. "ನಿನ್ನ ಮಗಳಿಲ್ದೆ ನನ್ನ ಮಗಳಿಗೆ ನೆಲವೇ ಗತಿ."

ಅಲ್ಲಿ ಮೇಲಿನವಳಿಲ್ಲದಾಗ ಗಾಳಿಯನ್ನೆತ್ತಿ ಆಟ ಮುಗಿಸಿದ್ದರು. ಇಲ್ಲಿ ಕೆಳಗಿನವಳಿಲ್ಲದೆ ಆಟವೇ ಎದ್ದಿರಲಿಲ್ಲ. ಶಾಲೆಯ ಫೋಟೋಗಳಲ್ಲಿ ಕಡೆಯ ಸಾಲಿನಲ್ಲೇ ನಿಂತ ಕೊರಿನ್ ಎಂಬ ಹುಡುಗಿಗೆ ಯಾರೂ ಇದನ್ನು ಹೇಳಿರಲಿಲ್ಲ.

ಲೇನಿ ಮ್ಯಾಟಿಗೆ ಓಡಿದಳು. ಕೋಚ್ ಡೆಬ್ ಏನೂ ಕೇಳದೆ ಹಾಡನ್ನು ಮತ್ತೆ ಹಾಕಿದರು. ಲೇನಿ ಬಗ್ಗಿ ಮಾರಿಸೋಲ್‌ಳ ಎಡಪಾದವನ್ನು ಹಿಡಿದು ಏನೋ ಹೇಳಿದಳು. ಆ ಮಗು ನಕ್ಕಿತು, ಮತ್ತು ಮೇಲೆ ಹೋಯಿತು.

ಅಭ್ಯಾಸ ಮುಗಿದ ಮೇಲೆ ಕಾರು ನಿಲ್ಲಿಸುವ ಜಾಗದಲ್ಲಿ ಉತ್ತರದ ಗಾಳಿ ಬೀಸುತ್ತಿತ್ತು. ಲೇನಿ ಕಾರಿನೊಳಗೆ ಕೂತಳು. ಕೋಚ್ ಡೆಬ್ ಜಾಕೆಟ್ಟಿನ ಜಿಪ್ಪು ಎಳೆದುಕೊಳ್ಳುತ್ತ ಬಂದರು.

"ಸುಳ್ಳು ಹೇಳಿದೆ ಕೋಚ್. ಕ್ಷಮಿಸಿ," ಅಂದಳು ಕೊರಿನ್.

"ಈ ಊರಲ್ಲಿ ನಿಮ್ಮ ಕಾರು ಹೆದ್ದಾರಿ ದಾಟೋ ಮುಂಚೆ ಸುದ್ದಿ ದಾಟಿರುತ್ತೆ ಬಿಡಿ." ಕಾರಿನೊಳಗಿನ ಲೇನಿಯ ಕಡೆ ನೋಡಿ ಅಂದರು, "ನನ್ನದೂ ತಪ್ಪಿದೆ. ಕೆಳಗೆ ನಿಲ್ಲಿಸಿದಾಗ ಯಾಕೆ ಅಂತ ಮಗೂಗೆ ಹೇಳಿದೆ. ನಿಮಗೆ ಹೇಳಲಿಲ್ಲ."

"ಉದ್ದ ಆದ್ಳು ಅಂತ ತಾನೆ?"

"ಉದ್ದ ಆದೋರು ನಾಲ್ಕು ಜನ ಇದ್ರು. ಮಾರಿಸೋಲ್ ಹೆದರಿಕೊಳ್ತಾಳೆ. ಮೇಲೆ ನಿಂತಾಗ ಹೆಂಗಿರುತ್ತೆ ಅಂತ ಗೊತ್ತಿರೋಳು ಕಾಲು ಹಿಡೀಬೇಕಿತ್ತು. ನೀವು ಹೋಗಬೇಕು ಅಂದ್ರೆ ನಾನು ತಡೆಯಲ್ಲ. ಮೇ ತಿಂಗಳಲ್ಲಿ ಹೊಸ ಆಯ್ಕೆ ಇದೆ, ದೊಡ್ಡ ಮಕ್ಕಳ ತಂಡದಲ್ಲಿ ಮೇಲಿನ ಜಾಗಕ್ಕೆ ಅವಳು ಪ್ರಯತ್ನ ಮಾಡ್ಬಹುದು. ಸಿಕ್ಕೇ ಸಿಗುತ್ತೆ ಅಂತ ಮಾತ್ರ ಹೇಳಲಾರೆ."

ಕಾರಿನೊಳಗೆ ಹೀಟರು ಬಿಸಿಯಾಗುವವರೆಗೂ ಕೊರಿನ್ ಕಾದಳು. ಮೊದಲೇ ಕೇಳಬೇಕಾಗಿದ್ದನ್ನು ಈಗ ಕೇಳಿದಳು.

"ಲೇನಿ, ಅಮ್ಮ ಹೇಳಿದ ಹಾಗೆ ಅನ್ಬೇಡ. ನಿಂಗೇನು ಬೇಕು?"

ಮಗು ಮಂಜು ಕಟ್ಟಿದ ಗಾಜಿನ ಮೇಲೆ ಬೆರಳಾಡಿಸಿತು. "ಮೇಲೆ ಹೋಗೋದು ಇಷ್ಟ. ತುಂಬ ಇಷ್ಟ."

"ಹಾಗಾದ್ರೆ ಹಸಿರಿಗೆ ಹೋಗೋಣ್ವಾ?"

"ಈಗ ಬೇಡ. ಶನಿವಾರ ಮಾರಿಸೋಲ್ ನೆಲದ ಮೇಲೆ ಕೂತಿರ್ತಾಳೆ. ಸೀಸನ್ ಮುಗೀಲಿ, ಆಮೇಲೆ ಮೇಲೆ ಹೋಗ್ತೀನಿ. ಇಲ್ಲೋ, ಅಲ್ಲೋ." ಅಮ್ಮನ ಕಡೆ ತಿರುಗಿ ಕೇಳಿದಳು, "ನಿಂಗೆ ಬೇಜಾರಾಗುತ್ತಾ?"

"ನಂಗ್ಯಾಕೆ ಬೇಜಾರು?"

"ನೀನು ಯಾವಾಗ್ಲೂ ಮೇಲೇ ನೋಡ್ತೀಯಲ್ಲ. ನಾನು ಕೆಳಗಿರ್ತೀನಿ."

ಕೊರಿನ್ ಹಸಿರು ರಿಬ್ಬನ್ನನ್ನು ಮಡಚಿ ಪರ್ಸಿನೊಳಗಿಟ್ಟಳು. ಮರುದಿನ ಕ್ಲಿನಿಕ್ಕಿನಿಂದಲೇ ಫೋನು ಮಾಡಿ ಹಸಿರು ಜಿಮ್ಮಿಗೆ ಬರುವುದಿಲ್ಲ ಎಂದಳು. ಇಟ್ಟ ಮೇಲೆ ಲೆಕ್ಕ ಹಾಕತೊಡಗಿದಳು. ಒಳ್ಳೆಯ ಅವಕಾಶ ಕಳೆದೆನೋ, ಮೇ ತಿಂಗಳಲ್ಲಿ ಯಾರೂ ಕರೆಯದಿದ್ದರೆ, ಇನ್ನೂ ಬೆಳೆದುಬಿಟ್ಟರೆ. ಚಿಂತೆ ಅಷ್ಟು ಸುಲಭಕ್ಕೆ ಬಿಡುವಂಥದ್ದಲ್ಲ. ಆದರೆ ಮಧ್ಯಾಹ್ನ ಸ್ಯಾಂಡ್‌ವಿಚ್ಚು ಪೂರ್ತಿ ತಿಂದಳು. ಅದು ವಾರದಲ್ಲಿ ಮೊದಲ ಸಲ.

ಶನಿವಾರ ಫೋರ್ಟ್‌ವರ್ತಿನಲ್ಲಿ ಯೆಸೇನಿಯಾ ಅವಳಿಗಾಗಿ ಕುರ್ಚಿ ಹಿಡಿದಿಟ್ಟಿದ್ದಳು. "ಇವತ್ತು ಯಾವ ಬಣ್ಣದ ಹೊಟ್ಟೆನೋವು?" ಅಂದಳು. ಕೊರಿನ್ ನೇರಳೆ ಅಂಗಿಯನ್ನು ಎಳೆದು ತೋರಿಸಿದಳು. ತನ್ನ ಫೋನಿನಲ್ಲಿ ಚಾರ್ಜಿಲ್ಲ, ನೀನೇ ವಿಡಿಯೊ ತೆಗಿ ಅಂದಳು ಯೆಸೇನಿಯಾ.

ತಂಡ ಮೂರನೆಯ ಸ್ಥಾನಕ್ಕೆ ಬಂತು. ಮಾರಿಸೋಲ್ ಒಂದು ಸಲವೂ ಅಲುಗಲಿಲ್ಲವಂತೆ. ಕೊರಿನ್ ಅದನ್ನು ಕೇಳಿ ತಿಳಿದದ್ದು.

ಹೊರಗೆ ಕಡ್ಡಿಗೆ ಚುಚ್ಚಿ ಕರಿದ ಕಾರ್ನ್‌ಡಾಗ್ ತಿನ್ನುತ್ತ ಎಲ್ಲರೂ ಫೋನಿನ ಸುತ್ತ ಸೇರಿದರು. ಯೆಸೇನಿಯಾ ಕಣ್ಣು ಕಿರಿದು ಮಾಡಿ ನೋಡಿದಳು, ಹಿಂದೆ ಸರಿಸಿ ಮತ್ತೆ ನೋಡಿದಳು.

"ಕೊರಿನ್, ನನ್ನ ಮಗಳ ತಲೆ ಎಲ್ಲಿ ಕಣೇ?"

ಪರದೆಯಲ್ಲಿ ಮಾರಿಸೋಲ್ ಮೊಣಕಾಲಿನವರೆಗೆ ಮಾತ್ರ ಇದ್ದಳು. ಕೆಳಗೆ, ನಡುಮಧ್ಯದಲ್ಲಿ, ಲೇನಿ. ಬಿಗಿದ ಭುಜ, ಬೆವೆತ ಕುತ್ತಿಗೆ, ಪಾದವನ್ನು ಹಿಡಿದ ಹತ್ತು ಬೆರಳು, ಮೇಲಕ್ಕೆತ್ತಿದ ಮುಖ.

"ಅಯ್ಯೋ," ಅಂದಳು ಕೊರಿನ್. "ಮುಂದಿನ ಸಲ ಸ್ವಲ್ಪ ಹಿಂದೆ ಕೂತು ತೆಗೀತೀನಿ. ಆಗ ಎಲ್ಲರೂ ವಿಡಿಯೊದಲ್ಲಿ ಬೀಳ್ತಾರೆ."