ಬಾಟಲಿಯ ನೀರು ಉಪ್ಪಾದ ದಿನ

ಶಕುನ, ದೃಷ್ಟಿ, ದೆವ್ವ ಇವೆಲ್ಲ ನನಗೆ ನಗೆಯ ವಿಷಯಗಳಾಗಿದ್ದವು. ಯಾರಾದರೂ ಅಂಥ ಅನುಭವ ಹೇಳತೊಡಗಿದರೆ, ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು ಅಷ್ಟೇ ಎಂದು ಅರ್ಧದಲ್ಲೇ ಬಾಯಿ ಮುಚ್ಚಿಸುತ್ತಿದ್ದೆ. ಈಗ ನಾನೇ ಹೇಳಲು ಕೂತಿದ್ದೇನೆ. ನೀವು ನಂಬಲೇಬೇಕೆಂದಿಲ್ಲ. ನಂಬದಿದ್ದರೆ ನನಗೂ ಸ್ವಲ್ಪ ಹಗುರವಾಗುತ್ತದೆ.

ಕೆಲವು ವರ್ಷಗಳ ಹಿಂದಿನ ಮಾತು. ಆಗಲೂ ಗ್ರೇಟರ್ ನೋಯ್ಡಾದಲ್ಲಿ ನಮ್ಮ ಮನೆ, ದೆಹಲಿಯ ಓಖ್ಲಾದಲ್ಲಿ ನನ್ನ ಆಫೀಸು. ಕೆಳಗಿನ ಮಹಡಿಯಲ್ಲಿ ಬಟ್ಟೆ ಹೊಲಿಯುವ ಮಷೀನುಗಳು, ಮೇಲೆ ಹೊರದೇಶದ ಕಂಪನಿಗಳ ವೆಬ್‌ಸೈಟಿಗೆ ಬರೆದುಕೊಡುವ ನಾವು. ನನ್ನ ಪಾಲಿಗೆ ಬಂದದ್ದು ಪೆಸಿಫಿಕ್ ಸಾಗರದ ಒಂದು ಬೆಚ್ಚನೆಯ ಕರಾವಳಿ. ದುಡ್ಡಿದ್ದವರು ಅಲ್ಲಿಗೆ ಗಾಳ ಹಾಕುವ ಮೋಜಿಗೆ ಬರುತ್ತಾರೆ. ಗಾಳಕ್ಕೆ ಸಿಗಡಿ, ಹುಳ ಯಾವುದೂ ಬೇಡ. ಗರಿ, ಕೂದಲು ಕಟ್ಟಿ ಮಾಡಿದ ಸುಳ್ಳು ಮೀನನ್ನು ದಾರದ ತುದಿಗೆ ಸಿಕ್ಕಿಸಿ ಬೀಸಿ ಎಸೆಯುತ್ತಾರೆ. ಸಿಕ್ಕ ಮೀನನ್ನು ಮತ್ತೆ ನೀರಿಗೇ ಬಿಡುತ್ತಾರೆ. ಇದನ್ನು ಊರಿನಲ್ಲಿ ಹೇಳಿದಾಗ ಗಣಪತಿ ಮಾವ ಬಹಳ ಹೊತ್ತು ನಕ್ಕಿದ್ದ. ಮಾವನೆಂದರೆ ನನ್ನ ಅಮ್ಮನ ತಮ್ಮ, ಕುಮಟೆಯ ಹತ್ತಿರ ದೋಣಿ ಇಟ್ಟುಕೊಂಡವನು. "ಬಿಡೂದೇ ಆದ್ರೆ ಹಿಡಿಯೂದು ಎಂತಕ್ಕೆ ತಂಗಿ?" ಎಂದು ಕೇಳಿದ್ದ.

ಗಾಳಿ, ಉಬ್ಬರ ಇಳಿತ, ನೀರಿನ ಬಿಸಿ ಎಲ್ಲದರ ಅಂಕಿಗಳು ನಮಗೆ ಬರುತ್ತಿದ್ದವು. ನಮ್ಮ ಬೆಳಗು ಅಲ್ಲಿಗೆ ಹಿಂದಿನ ದಿನದ ಸಂಜೆ. ಅಂಕಿಗಳನ್ನು ನೋಡಿ ಅವರ ನಾಳೆಯ ಸಮುದ್ರ ಹೇಗಿರುತ್ತದೆಂದು ನಾಲ್ಕು ಸಾಲು ಬರೆಯುವುದು ನನ್ನ ಕೆಲಸ. ಆ ಸಮುದ್ರವನ್ನು ನಾನು ಕಂಡವಳಲ್ಲ. ಆದರೂ ಕಡಲ ದಂಡೆಯಲ್ಲಿ ಬೆಳೆದವಳಾದ್ದರಿಂದ, ಈಗಷ್ಟೇ ಕಾಲು ತೊಳೆದು ಬಂದವಳ ಹಾಗೆ ಬರೆಯುತ್ತಿದ್ದೆ. ಆಫೀಸಿನಲ್ಲಿ ಇದಕ್ಕೆ ನನ್ನನ್ನು ಹೊಗಳುತ್ತಿದ್ದರು, ನಾನೂ ಉಬ್ಬುತ್ತಿದ್ದೆ. ಒಂದೇ ಒಂದು ಕಟ್ಟಳೆ ಇತ್ತು: ಹೆದರಿಸುವ ಮಾತು ಬರೆಯಬಾರದು. ಬರೆದರೆ ನಮ್ಮ ಟೀಮ್ ಲೀಡರ್ ಗುಪ್ತಾ, "ಮೇಡಂ, ಪಾಸಿಟಿವ್ ರಖೋ. ಬುಕಿಂಗ್ ಕ್ಯಾನ್ಸಲ್ ಹೋ ಜಾಯೇಗಾ" ಎಂದು ಆ ಸಾಲನ್ನು ತೆಗೆಸುತ್ತಿದ್ದರು. ಹೀಗಾಗಿ ನಮ್ಮಲ್ಲಿ ಗಾಳಿ ಯಾವತ್ತೂ ಜೋರಾಗಿರುತ್ತಿರಲಿಲ್ಲ, ಲವಲವಿಕೆಯಿಂದ ಇರುತ್ತಿತ್ತು.

ಆ ದಿನ ದೆಹಲಿಯಲ್ಲಿ ದಟ್ಟ ಮಂಜು. ತಡವಾಗಿ ಬಂದು ಕೂತು ಅಂಕಿಗಳನ್ನು ನೋಡಿದೆ. ಅಲ್ಲಿ ಮರುದಿನ ಬೆಳಗಿನಿಂದ ಕತ್ತಲಾಗುವವರೆಗೂ ನೆಲದ ಕಡೆಯಿಂದ ಸಮುದ್ರದ ಕಡೆಗೇ ಗಾಳಿ. ದಂಡೆಯಲ್ಲಿ ನಿಂತು ಗಾಳ ಬೀಸುವವನಿಗೆ ಇದು ಹಬ್ಬ. ನೀರು ಸಪಾಟಾಗಿರುತ್ತದೆ, ಬೆನ್ನ ಹಿಂದಿನ ಗಾಳಿಗೆ ದಾರ ದೂರ ಹಾರುತ್ತದೆ. ಆದರೆ ನಮ್ಮೂರಿನ ಮಕ್ಕಳಿಗೂ ಗೊತ್ತಿರುವ ಸಂಗತಿ ಇನ್ನೊಂದಿದೆ. ಬೆಳಗಿನ ಗಾಳಿ ದೋಣಿಯನ್ನು ಕರೆದುಕೊಂಡು ಹೋಗುತ್ತದೆ, ಮಧ್ಯಾಹ್ನ ತಿರುಗಿದ ಗಾಳಿ ಮನೆಗೆ ತಂದು ಬಿಡುತ್ತದೆ. ತಿರುಗದ ಗಾಳಿಯ ದಿನ ಹುಟ್ಟು ಹಾಕಿಕೊಂಡು ಹೋದವನು ಎಷ್ಟು ಹಾಕಿದರೂ ದಂಡೆ ಹಿಂದೆ ಹಿಂದೆ ಸರಿಯುತ್ತದೆ.

ಅದಕ್ಕೇ ಕೊನೆಯಲ್ಲಿ ಒಂದು ಸಾಲು ಬರೆದೆ: ಸಣ್ಣ ದೋಣಿಯಲ್ಲಿ ನಾಳೆ ಇಳಿಯಬೇಡಿ, ಈ ಗಾಳಿ ವಾಪಸು ಬಿಡುವುದಿಲ್ಲ. ಬರೆದು, ಗುಪ್ತಾ ಹೇಗೂ ತೆಗೆಸುತ್ತಾರೆ ಎಂದುಕೊಂಡು ನಾನೇ ಅಳಿಸಿದೆ. ಅಳಿಸು ಎಂದು ಯಾರೂ ಹೇಳಿರಲಿಲ್ಲ. ಆ ತಿಂಗಳು ನನ್ನ ಕೆಲಸ ಖಾಯಂ ಆಗುವುದಿತ್ತು, ತಕರಾರಿನವಳು ಅನ್ನಿಸಿಕೊಳ್ಳುವುದು ಬೇಡವಾಗಿತ್ತು.

ಅಳಿಸಿ, ಬಾಟಲಿ ಎತ್ತಿ ನೀರು ಕುಡಿದೆ. ಉಪ್ಪು. ಅಡುಗೆಮನೆಯ ಉಪ್ಪಿನ ರುಚಿಯಲ್ಲ. ಸಮುದ್ರದಲ್ಲಿ ಮುಳುಗೆದ್ದವರಿಗೆ ಗೊತ್ತು, ಆ ಉಪ್ಪಿನ ಹಿಂದೆ ಗಂಟಲಲ್ಲಿ ಒಂದು ಕಹಿ ಉಳಿಯುತ್ತದೆ. ಅದೇ ಕಹಿ. ಬಾಟಲಿಯನ್ನು ಪಕ್ಕದ ಕುರ್ಚಿಯ ನಫೀಸಾಳಿಗೆ ಕೊಟ್ಟೆ. ದಾವಣಗೆರೆಯ ಹುಡುಗಿ, ಸಮುದ್ರದ ಗಂಧ ಗಾಳಿ ಇಲ್ಲದವಳು. ಒಂದು ಗುಟುಕಿಗೇ ಮುಖ ಕಿವುಚಿದಳು. "ಏನಕ್ಕಾ ಇದು? ಇಷ್ಟೊಂದು ಉಪ್ಪು ಯಾಕೆ ಹಾಕಿದೀರಾ?"

ಚೆಲ್ಲಿ, ತೊಳೆದು, ಕೂಲರಿನಿಂದ ಮತ್ತೆ ತುಂಬಿದೆ. ಮತ್ತೆ ಉಪ್ಪು. ಅದೇ ನಲ್ಲಿಯಿಂದ ನಫೀಸಾ ತನ್ನ ಬಾಟಲಿಗೆ ಹಿಡಿದಳು. ಸಿಹಿನೀರು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ನನಗೆ ಆಗ ನೆನಪಾದದ್ದು ಮಾವ. ದೋಣಿ ನೂಕುವ ಮುಂಚೆ ಅವನು ಬೊಗಸೆಯಲ್ಲಿ ನೀರು ತೆಗೆದು ಕಣ್ಣಿಗೊತ್ತಿಕೊಂಡು, ಒಂದು ಹನಿ ನಾಲಿಗೆಗೆ ಮುಟ್ಟಿಸುತ್ತಿದ್ದ. ಕಡಲನ್ನು ಕೇಳದೆ ಇಳಿಯಬಾರದು ಎನ್ನುತ್ತಿದ್ದ.

ಇಲ್ಲಿ ನಾನು ಸುಳ್ಳು ಹೇಳಬಾರದು. ಆ ನೀರು ನನಗೆ ಏನು ಹೇಳುತ್ತಿದೆ ಎಂದು ಆ ಹೊತ್ತಿನಲ್ಲೇ ಗೊತ್ತಾಗಿತ್ತು. ಅಳಿಸಿದ ಸಾಲನ್ನು ಮತ್ತೆ ಬರೆಯಲು ಒಂದು ನಿಮಿಷ ಸಾಕಿತ್ತು. ನಾನು ಬರೆಯಲಿಲ್ಲ. ಕಳಿಸುವ ಗುಂಡಿ ಒತ್ತಿದೆ.

ಅಷ್ಟರಲ್ಲಿ ನಫೀಸಾ ನನ್ನ ಬಾಟಲಿಯನ್ನು ಗುಪ್ತಾರ ಹತ್ತಿರ ಒಯ್ದಿದ್ದಳು. ಅವರು ಗಟಗಟನೆ ಕುಡಿದು, "ಠೀಕ್ ತೋ ಹೈ" ಎಂದು ವಾಪಸು ಕೊಟ್ಟರು. ಅವಳು ಕುಡಿದಳು, ನಾನು ಕುಡಿದೆ. ಅದೇ ಬಾಟಲಿ, ಅದೇ ನೀರು, ಉಪ್ಪಿನ ಸುಳಿವೂ ಇರಲಿಲ್ಲ. "ನಮ್ಗೇ ತಲೆ ಕೆಟ್ಟಿರ್ಬೇಕು ಬಿಡಿ ಅಕ್ಕಾ" ಎಂದಳು ನಫೀಸಾ.

ಆ ವಾರವೇ ಅಲ್ಲಿನ ಕಂಪನಿಯಿಂದ ಸೂಚನೆ ಬಂತು: ಆ ದಿನದ ಬರಹವನ್ನು ವೆಬ್‌ಸೈಟಿನಿಂದ ತೆಗೆಯಿರಿ. ಯಾಕೆಂದು ಗುಪ್ತಾರನ್ನು ಕೇಳಿದೆ. ಯಾರೋ ಅತಿಥಿ ಆ ದಿನ ಒಬ್ಬನೇ ಸಣ್ಣ ದೋಣಿ ತೆಗೆದುಕೊಂಡು ಹೋಗಿದ್ದನಂತೆ, ಅವನನ್ನು ಹುಡುಕುತ್ತಿದ್ದಾರಂತೆ. "ಹಮಾರಾ ಕ್ಯಾ? ಹಟಾ ದೋ" ಎಂದು ಪುಟ ತೆಗೆಯಲು ಹೇಳಿದರು. ಮೊದಲು ಸಾಲನ್ನು ಅಳಿಸಿದವಳು ನಾನೇ, ಆಮೇಲೆ ಪುಟವನ್ನು ಅಳಿಸಿದವಳೂ ನಾನೇ. ಅವನು ನನ್ನ ಬರಹ ಓದಿದ್ದನೋ ಇಲ್ಲವೋ ಗೊತ್ತಿಲ್ಲ. ಸಿಕ್ಕಿದನೇ ಎಂದು ಕಂಪನಿಗೆ ಎಷ್ಟೋ ಸಲ ಬರೆದು ಕೇಳಿದೆ. ಉತ್ತರ ಬರಲಿಲ್ಲ.

ತಡೆಯಲಾರದೆ ಮಾವನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ನೀರು ಯಾಕೆ ಉಪ್ಪಾಯಿತು ಎಂದು ಅವನಾದರೂ ಹೇಳಿಯಾನು ಎಂಬ ಆಸೆ. ಅವನು ಅದರ ಸುದ್ದಿಯನ್ನೇ ಎತ್ತಲಿಲ್ಲ. "ಆ ಮನ್ಶ ತಿರುಗಿ ಬಂದ್ನಾ ತಂಗಿ?" ಎಂದು ಕೇಳಿದ. ನಾನು ಫೋನ್ ಹಿಡಿದುಕೊಂಡು ಅತ್ತೆ.

ಕೆಲಸ ಖಾಯಂ ಆಯಿತು. ಈಗಲೂ ಅದನ್ನೇ ಮಾಡುತ್ತಿದ್ದೇನೆ. ಗಾಳಿ ತಿರುಗದ ದಿನ ಆ ಸಾಲನ್ನು ತಪ್ಪದೆ ಬರೆಯುತ್ತೇನೆ, ಗುಪ್ತಾರೊಡನೆ ಜಗಳವಾಡಿ ಉಳಿಸಿಕೊಳ್ಳುತ್ತೇನೆ. ಕಳಿಸುವ ಮೊದಲು ಬಾಟಲಿ ತೆರೆದು ಒಂದು ಗುಟುಕು ಕುಡಿಯುತ್ತೇನೆ. ಆ ಹಳೆಯ ಬಾಟಲಿಯನ್ನೇ ಇಟ್ಟುಕೊಂಡಿದ್ದೇನೆ. ಮಗಳು, "ಮಮ್ಮಾ, ಇಟ್ಸ್ ಸೋ ಗಂದಾ, ಬಿಸಾಕು" ಎನ್ನುತ್ತಾಳೆ. ನೀರು ಸಿಹಿಯಾಗಿಯೇ ಇರುತ್ತದೆ. ಸಿಹಿಯಾಗಿದ್ದರೆ ಎಲ್ಲ ಸರಿಯಾಗಿದೆ ಎಂದು ಸಮಾಧಾನವಾಗಬೇಕಲ್ಲ, ಆಗುವುದಿಲ್ಲ. ಆ ದಿನ ನಾನು ಗುಂಡಿ ಒತ್ತಿದ ಮೇಲೂ ನೀರು ಹೀಗೆಯೇ ಸಿಹಿಯಾಗಿತ್ತು.